ಕಾಗದದ ಮೇಲಿನ ಸಿಪಾಯಿ

(ಮಾಜಿ ಸೈನಿಕರು ಹಾಗೂ ಅವರ ಕುಟುಂಬದವರಿಗಾಗಿ ಧಾರವಾಡದಲ್ಲಿ ನಡೆದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಗಡಿ ಕಾಯ್ದು ಬಂದವರ ಮುಂದೆ ನಿಂತು ಮಾತನಾಡಲು ನನಗೆ ಸಂಕೋಚವಾಗುತ್ತದೆ. ನಿಮ್ಮಲ್ಲಿ ಹಲವರಿಗೆ ನಾನು ಮೊಮ್ಮಗನ ವಯಸ್ಸಿನವನು. ಬಂದೂಕು ಹಿಡಿದವನಲ್ಲ, ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪೆನ್ನು ಹಿಡಿದವನು. ಆದರೆ ಇಂದಿನ ವಿಷಯ ಬಂದೂಕಿನದಲ್ಲ, ಪೆನ್ನಿನದೇ. ಸೇವಾ ದಾಖಲೆಯಲ್ಲಿ ಯಾರೋ ಎಂದೋ ಬರೆದ ಒಂದು ತಪ್ಪು ಅಕ್ಷರ ಸೈನಿಕನ ಬೆನ್ನು ಹತ್ತಿ ಅವನ ಮನೆಯವರೆಗೆ ಹೇಗೆ ಬರುತ್ತದೆ, ಅದನ್ನು ತಿದ್ದಿಸುವುದು ಹೇಗೆ ಎಂಬುದಷ್ಟೇ ನನ್ನ ಮಾತಿನ ತಿರುಳು.

ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕೊಟ್ಟಿದ್ದು ವರ್ಗೀಕೃತ ಜಾಹೀರಾತುಗಳ ಪ್ರೂಫ್ ನೋಡುವ ಕೆಲಸ. ಮನೆ ಬಾಡಿಗೆಗಿದೆ, ಸೈಟು ಮಾರಾಟಕ್ಕಿದೆ ಎಂಬ ಸಾಲುಗಳ ನಡುವೆ ವಾರಕ್ಕೆ ಮೂರು ನಾಲ್ಕಾದರೂ ಇಂಥ ಪ್ರಕಟಣೆಗಳು ಇರುತ್ತಿದ್ದವು: ಇಂಥ ನಂಬರಿನ ಮಾಜಿ ಸೈನಿಕನ ಪತ್ನಿಯಾದ ನಾನು, ನನ್ನ ಪತಿಯ ಸೇವಾ ದಾಖಲೆಯಲ್ಲಿ ನನ್ನ ಹೆಸರು ಹೀಗೆಂದು ತಪ್ಪಾಗಿ ನಮೂದಾಗಿದ್ದು, ಇವೆರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಆಗಿರುತ್ತೇನೆ. ಓದಿ ಓದಿ ನನಗೆ ಈ ಒಕ್ಕಣೆ ಬಾಯಿಪಾಠವಾಗಿತ್ತು. ಆದರೆ 'ನಾನೊಬ್ಬಳೇ ಆಗಿರುತ್ತೇನೆ' ಎಂದು ಒಬ್ಬ ಹೆಣ್ಣುಮಗಳು ದುಡ್ಡು ಕೊಟ್ಟು ಊರಿಗೆಲ್ಲ ಸಾರಬೇಕಾದ ಪರಿಸ್ಥಿತಿ ಏಕೆ ಬಂತೆಂದು ನಾನು ಯೋಚಿಸಿದವನಲ್ಲ.

ಒಂದು ದಿನ ಅಂಥ ಪ್ರಕಟಣೆಯೊಂದರಲ್ಲಿ ಸೈನಿಕನ ನಂಬರಿನ ಒಂದು ಅಂಕಿ ತಪ್ಪಾಗಿ ಅಚ್ಚಾಯಿತು. ನೋಡಬೇಕಾದವನು ನಾನು, ನೋಡಿರಲಿಲ್ಲ. ಎರಡು ವಾರದ ನಂತರ ಎಪ್ಪತ್ತು ದಾಟಿದ ತಾಯಿಯೊಬ್ಬರು ಎರಡು ಬಸ್ಸು ಬದಲಿಸಿ ನಮ್ಮ ಕಚೇರಿಗೆ ಬಂದರು. ತಪ್ಪು ತಿದ್ದಿಸಲು ಹಾಕಿಸಿದ ಪ್ರಕಟಣೆಯಲ್ಲೇ ತಪ್ಪು ಇದ್ದುದರಿಂದ ಅರ್ಜಿ ವಾಪಸಾಗಿತ್ತು. ಅವರು ನನ್ನನ್ನು ಬೈಯಲಿಲ್ಲ. "ಇನ್ನೊಮ್ಮೆ ಸರಿಯಾಗಿ ಹಾಕ್ರೆಪಾ" ಎಂದಷ್ಟೇ ಹೇಳಿದರು. ಆಮೇಲೆಯೇ ನಾನು ಈ ವಿಷಯವನ್ನು ಹುಡುಕಿ ಓದತೊಡಗಿದ್ದು. ನನ್ನ ಮನೆಯಲ್ಲೇ ಇಂಥದೊಂದು ಕತೆ ಇತ್ತೆಂಬುದೂ ಆಗ ಸರಿಯಾಗಿ ಅರ್ಥವಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ದಾಖಲೆ ಎಲ್ಲಿರುತ್ತದೆ?

ಹುಡುಗನೊಬ್ಬ ಭರ್ತಿಯಾದ ದಿನವೇ ಅವನಿಗೊಬ್ಬ ಕಾಗದದ ಜೋಡಿ ಹುಟ್ಟಿಕೊಳ್ಳುತ್ತಾನೆ. ಆ ಜೋಡಿಯ ಹೆಸರು ಷೀಟ್ ರೋಲ್. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು, ಮೈಮೇಲಿನ ಗುರುತು, ಹತ್ತಿರದ ಬಂಧು ಇವೆಲ್ಲ ಅದರಲ್ಲಿ ಸೇರುತ್ತವೆ. ಸಿಪಾಯಿ ಲಡಾಖಿಗೆ ಹೋಗಲಿ, ನಾಗಾಲ್ಯಾಂಡಿಗೆ ಹೋಗಲಿ, ಆ ಕಾಗದ ಮಾತ್ರ ಅವನ ರೆಜಿಮೆಂಟಿನ ಅಥವಾ ಕೋರಿನ ರೆಕಾರ್ಡ್ ಆಫೀಸಿನಲ್ಲಿ ಕುಳಿತಿರುತ್ತದೆ. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿದೆ. ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿದೆ. ತೋಪಖಾನೆಯದು ನಾಸಿಕದಲ್ಲಿ, ಸಿಗ್ನಲ್ಸಿನದು ಜಬಲ್‌ಪುರದಲ್ಲಿದೆ. ಮದುವೆಯಾದರೆ, ಮಗು ಹುಟ್ಟಿದರೆ ಸಿಪಾಯಿ ತನ್ನ ಯೂನಿಟ್ಟಿಗೆ ತಿಳಿಸಬೇಕು. ಯೂನಿಟ್ಟು 'ಪಾರ್ಟ್ ಟೂ ಆರ್ಡರ್' ಎಂಬ ಆದೇಶ ಹೊರಡಿಸುತ್ತದೆ, ಅದರ ಆಧಾರದ ಮೇಲೆ ರೆಕಾರ್ಡ್ ಆಫೀಸಿನಲ್ಲಿ ನಮೂದು ಆಗುತ್ತದೆ. ನಿವೃತ್ತಿಯ ದಿನ ಇದೇ ವಿವರ ಡಿಸ್ಚಾರ್ಜ್ ಬುಕ್ಕಿಗೆ ಇಳಿಯುತ್ತದೆ. ಅಲ್ಲಿಂದ ಪಿಂಚಣಿ ಆದೇಶಕ್ಕೆ, ಅಂದರೆ ನಾವೆಲ್ಲ ಪಿ.ಪಿ.ಓ. ಎನ್ನುವ ಕಾಗದಕ್ಕೆ ಹೋಗುತ್ತದೆ. ಭೂಸೇನೆಯ ಪಿ.ಪಿ.ಓ. ಹೊರಡುವುದು ಪ್ರಯಾಗರಾಜದ, ಹಿಂದಿನ ಅಲಹಾಬಾದಿನ, ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ.

ಹೀಗೆ ಒಂದು ಕಾಗದದ ಮೇಲೆ ಇನ್ನೊಂದು ಕಾಗದ ಕಟ್ಟಿಕೊಂಡು ಬರುವುದರಿಂದ ಮೊದಲ ಕಾಗದದಲ್ಲಿ ತಪ್ಪಿದ್ದರೆ ಅದೇ ತಪ್ಪು ಕೊನೆಯವರೆಗೂ ಸಾಗುತ್ತದೆ. ಅದನ್ನು ತಡೆದು ಕೇಳುವವರು ನಡುವೆ ಯಾರೂ ಇರುವುದಿಲ್ಲ.

ತಪ್ಪು ಹೇಗೆ ನುಸುಳುತ್ತದೆ?

ನಮ್ಮ ಹೆಸರುಗಳನ್ನೇ ನೋಡಿ. ಕನ್ನಡದಲ್ಲಿ ಬರೆದ ಹೆಸರನ್ನು ಇಂಗ್ಲಿಷಿಗೆ ತಂದು, ಆ ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೋ ಹಿಂದಿಗೋ ತಂದರೆ ಮೊದಲಿನ ಹೆಸರು ಉಳಿಯುವುದೇ ಕಷ್ಟ. 1949ರ ಜನವರಿ 15ರಂದು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ, ಮುಂದೆ ಫೀಲ್ಡ್ ಮಾರ್ಷಲ್ ಆದ ಕೊಡಗಿನ ವೀರರ ಹೆಸರನ್ನು ನಮ್ಮ ಪತ್ರಿಕೆಗಳೇ ಕಾರ್ಯಪ್ಪ, ಕಾರಿಯಪ್ಪ, ಕರಿಯಪ್ಪ ಎಂದು ಮೂರು ಬಗೆಯಲ್ಲಿ ಬರೆದಿವೆ. ಅವರನ್ನು ಗುರುತಿಸಲು ದೇಶಕ್ಕೆ ಕಷ್ಟವಿಲ್ಲ. ಆದರೆ ಒಬ್ಬ ಸಾಮಾನ್ಯ ಸಿಪಾಯಿಯ ಹೆಸರು ಮೂರು ಕಾಗದದಲ್ಲಿ ಮೂರು ಬಗೆಯಾಗಿದ್ದರೆ ಕಚೇರಿಯ ಕಣ್ಣಿಗೆ ಅವರು ಮೂವರು ಬೇರೆ ಬೇರೆ ಮನುಷ್ಯರು.

ಕೊಡಗಿನವರು ಮನೆತನದ ಹೆಸರನ್ನು ಮೊದಲು ಬರೆಯುತ್ತಾರೆ. ಹಳೆ ಮೈಸೂರಿನವರು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಅಡ್ಡಹೆಸರು ಕೊನೆಗೆ ಬರುತ್ತದೆ. ಫಾರಂ ಮಾತ್ರ ಎಲ್ಲರಿಗೂ ಒಂದೇ. ಹೆಂಗಸರ ಹೆಸರಿನ ಪಾಡು ಇನ್ನೂ ಕಷ್ಟ. ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು ಇನ್ನೊಂದು, ರೇಷನ್ ಕಾರ್ಡಿನಲ್ಲಿ ಬರೆದದ್ದು ಮತ್ತೊಂದು. ರಜೆಯ ಮೇಲೆ ಬಂದು ಮದುವೆಯಾಗಿ ಹೋದ ಸಿಪಾಯಿ ಕಾರಕೂನನಿಗೆ ಬಾಯಲ್ಲಿ ಹೇಳಿದ್ದೇ ದಾಖಲೆಯಾದ ಕಾಲವೊಂದಿತ್ತು.

ಇನ್ನು ಹುಟ್ಟಿದ ತಾರೀಖು. ಜೂನ್ 1ರಂದು ಹುಟ್ಟಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರೆಂದು ಕೇಳಿದರೆ ಬಹಳ ಕೈಗಳು ಮೇಲೇಳಬಹುದು. ನೀವು ನಗುತ್ತಿದ್ದೀರಿ, ಕಾರಣ ನಿಮಗೆ ಗೊತ್ತು. ಶಾಲೆಗೆ ಸೇರಿಸುವ ದಿನ ಅಪ್ಪನಿಗೆ ನೆನಪಿದ್ದದ್ದು ಬರಗಾಲವೋ, ಊರ ಜಾತ್ರೆಯೋ; ತಾರೀಖು ಬರೆದವರು ಮಾಸ್ತರರು. ಭರ್ತಿಗೆ ವಯಸ್ಸು ಸಾಲದೆಂದು ಒಂದೆರಡು ವರ್ಷ ಹೆಚ್ಚಿಗೆ ಹೇಳಿ ಸೇರಿದವರೂ ಉಂಟು. ಆ ದಿನ ಅದು ಉಪಾಯವಾಗಿ ಕಂಡಿತ್ತು. ಸೇನೆಯಲ್ಲಿ ದರ್ಜೆಗೆ ತಕ್ಕಂತೆ ಸೇವೆಯ ಅವಧಿಗೂ ವಯಸ್ಸಿಗೂ ಮಿತಿ ಇರುತ್ತದೆಯಾದ್ದರಿಂದ ಅದೇ ಉಪಾಯ ಮುಂದೆ ನಿವೃತ್ತಿಯನ್ನು ಬೇಗ ತರಬಲ್ಲದು.

ಸೇನಾ ಮುಖ್ಯಸ್ಥರಿಗೂ ತಪ್ಪಲಿಲ್ಲ

ದೊಡ್ಡವರಿಗೆ ಇಂಥ ತೊಂದರೆ ಇಲ್ಲವೆಂದು ಭಾವಿಸಬೇಡಿ. 2010ರಿಂದ 2012ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣ ನಿಮಗೆ ನೆನಪಿರಬಹುದು. ಅವರ ಮೆಟ್ರಿಕ್ ಪ್ರಮಾಣಪತ್ರದಲ್ಲಿ ಹುಟ್ಟಿದ ತಾರೀಖು 1951ರ ಮೇ 10. ಆದರೆ 1965ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗಾಗಿ ಭರ್ತಿ ಮಾಡಿದ ಅರ್ಜಿಯಲ್ಲಿ ಅದು 1950 ಎಂದಾಗಿತ್ತು. ಸೇನೆಯ ಒಂದು ಶಾಖೆ 1951 ಎಂದು ಬರೆದುಕೊಂಡಿತು. ಬಡ್ತಿಯ ವಿಷಯ ನೋಡಿಕೊಳ್ಳುವ ಇನ್ನೊಂದು ಶಾಖೆಯಲ್ಲಿ 1950 ಉಳಿಯಿತು. ಒಬ್ಬನೇ ಅಧಿಕಾರಿ ನಾಲ್ಕು ದಶಕದ ಕಾಲ ಎರಡು ಹುಟ್ಟಿದ ತಾರೀಖುಗಳೊಂದಿಗೆ ಸೇವೆ ಸಲ್ಲಿಸಿದ. ಪತ್ರ ವ್ಯವಹಾರದ ನಡುವೆ 1950ನ್ನು ಒಪ್ಪಿಕೊಂಡಂತೆ ಅವರೇ ಬರೆದುಕೊಟ್ಟದ್ದೂ ಉಂಟು.

ಕೊನೆಗೆ ಅಧಿಕಾರದಲ್ಲಿದ್ದಾಗಲೇ ಅವರು ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2012ರ ಫೆಬ್ರುವರಿ 10ರಂದು ನ್ಯಾಯಾಲಯ ಹೇಳಿದ ಮಾತಿನ ಸಾರವನ್ನು ನಾವು ಗಮನಿಸಬೇಕು. ನೀವು ನಿಜವಾಗಿ ಯಾವ ದಿನ ಹುಟ್ಟಿದಿರಿ ಎಂಬುದು ನಮ್ಮ ಮುಂದಿನ ಪ್ರಶ್ನೆಯಲ್ಲ, ಸರ್ಕಾರದ ದಾಖಲೆ ಯಾವ ದಿನವನ್ನು ಮಾನ್ಯ ಮಾಡಿದೆ ಎಂಬುದಷ್ಟೇ ಪ್ರಶ್ನೆ ಎಂಬುದು ಅದರ ತಾತ್ಪರ್ಯ. ಜನರಲ್ ಅರ್ಜಿ ಹಿಂದಕ್ಕೆ ಪಡೆದರು. ಅದೇ ವರ್ಷದ ಮೇ 31ರಂದು ನಿವೃತ್ತರಾದರು.

ಹುಟ್ಟಿದ ತಾರೀಖಿನ ವಿಷಯದಲ್ಲಿ ನ್ಯಾಯಾಲಯಗಳು ಹಿಂದಿನಿಂದಲೂ ಹೀಗೇ ಬಿಗಿಯಾಗಿವೆ. ನಾಗರಿಕ ನೌಕರರೊಬ್ಬರಿಗೆ ಸಂಬಂಧಿಸಿದ 1993ರ ಹರನಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೇವೆಯ ಕೊನೆಗಾಲದಲ್ಲಿ ಎಚ್ಚೆತ್ತು ತಾರೀಖು ಬದಲಿಸಿಕೊಡಿ ಎಂದರೆ ಒಪ್ಪಲಾಗದೆಂದು ಹೇಳಿತು. ಇದರಿಂದ ನಾವು ಕಲಿಯಬೇಕಾದ ಪಾಠ ಸರಳವಾದದ್ದು. ತಪ್ಪು ಕಂಡ ದಿನವೇ ಬರೆದು ಕೇಳಬೇಕು. ತಪ್ಪನ್ನು ಒಪ್ಪಿದಂತೆ ಕಾಣುವ ಯಾವ ಕಾಗದಕ್ಕೂ ಸಹಿ ಹಾಕಬಾರದು.

ದಾಖಲೆಯೇ ಸುಟ್ಟುಹೋದರೆ?

ದಾಖಲೆ ತಪ್ಪಾಗಿರುವುದು ಒಂದು ಕಷ್ಟವಾದರೆ, ದಾಖಲೆಯೇ ಇಲ್ಲವಾಗುವುದು ಇನ್ನೊಂದು. ಅಮೆರಿಕದ ಸೇಂಟ್ ಲೂಯಿಸ್ ನಗರದ ಹತ್ತಿರ ಆ ದೇಶದ ಸೈನಿಕರ ಸೇವಾ ಕಡತಗಳ ದೊಡ್ಡ ಉಗ್ರಾಣವಿತ್ತು. 1973ರ ಜುಲೈ 12ರ ಮಧ್ಯರಾತ್ರಿ ಕಳೆದ ಮೇಲೆ ಅದರ ಆರನೆಯ ಅಂತಸ್ತಿಗೆ ಬೆಂಕಿ ಬಿತ್ತು. ಸುಮಾರು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತಗಳು ನಾಶವಾದವು. 1912ರ ನವೆಂಬರ್ 1ರಿಂದ 1960ರ ಜನವರಿ 1ರವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಹೋದವು. ಎರಡು ಮಹಾಯುದ್ಧಗಳಲ್ಲಿ ಹೋರಾಡಿದವರ ಕಾಗದಗಳು ಇದರಲ್ಲಿ ಸೇರಿದ್ದವು. ಅವುಗಳಿಗೆ ನಕಲಿರಲಿಲ್ಲ, ಮೈಕ್ರೋಫಿಲ್ಮೂ ಇರಲಿಲ್ಲ.

ಆ ಮೇಲೆ ಅವರು ಮಾಡಿದ ಕೆಲಸವನ್ನು ಮೆಚ್ಚಬೇಕು. ನೀರಿನಲ್ಲಿ ತೊಯ್ದ ಕಡತಗಳನ್ನು ಬಾಹ್ಯಾಕಾಶ ಸಂಶೋಧನೆಗಾಗಿ ಕಟ್ಟಿದ್ದ ನಿರ್ವಾತ ಕೋಣೆಯಲ್ಲಿಟ್ಟು ಒಣಗಿಸಿದರು. ಉಳಿದವರಿಗಾಗಿ ಬೇರೆ ಕಚೇರಿಗಳಲ್ಲಿದ್ದ ಕೊನೆಯ ಸಂಬಳದ ಚೀಟಿ, ಯೂನಿಟ್ಟಿನ ದಿನದ ವರದಿ, ಆಸ್ಪತ್ರೆಯ ನಮೂದು ಇವನ್ನೆಲ್ಲ ಕೂಡಿಸಿ ಸೇವೆಯ ವಿವರವನ್ನು ಮತ್ತೆ ಕಟ್ಟತೊಡಗಿದರು. ಮನೆಯ ಪೆಟ್ಟಿಗೆಯಲ್ಲಿ ಬಿಡುಗಡೆಯ ಪತ್ರ ಇಟ್ಟುಕೊಂಡಿದ್ದವರಿಗೆ ಕೆಲಸ ಸುಲಭವಾಯಿತು, ಬಿಸಾಕಿದವರು ಅಲೆದರು.

ನಮ್ಮಲ್ಲಿ ಇದಕ್ಕೆ ಬೆಂಕಿಯೇ ಬೀಳಬೇಕೆಂದಿಲ್ಲ. ಪಿಂಚಣಿಗೆ ಬೇಕಾದಷ್ಟು ವರ್ಷ ಪೂರೈಸದೆ ಬಿಡುಗಡೆಯಾದವರ ಕಾಗದಗಳನ್ನು 25 ವರ್ಷಗಳ ನಂತರ ನಾಶಮಾಡಲು ಸೇನೆಯ ನಿಯಮದಲ್ಲೇ ಅವಕಾಶವಿದೆ. ಆಮೇಲೆ ಉಳಿಯುವುದು 'ಲಾಂಗ್ ರೋಲ್' ಎಂಬ ದೊಡ್ಡ ಪಟ್ಟಿಯಲ್ಲಿನ ಒಂದೆರಡು ಸಾಲು. ಗಾಯಗೊಂಡು ಬೇಗ ಮನೆಗೆ ಬಂದವನೊಬ್ಬ ಮೂವತ್ತು ವರ್ಷದ ನಂತರ ಅಂಗವೈಕಲ್ಯ ಪಿಂಚಣಿ ಕೇಳಹೊರಟರೆ ವೈದ್ಯಕೀಯ ಮಂಡಳಿಯ ಕಾಗದವೇ ಇಲ್ಲವೆಂಬ ಉತ್ತರ ಬರಬಹುದು. ಆದ್ದರಿಂದ ನಿಮ್ಮ ಮನೆಯ ಟ್ರಂಕೂ ಒಂದು ರೆಕಾರ್ಡ್ ಆಫೀಸೇ ಎಂಬುದನ್ನು ಮರೆಯಬೇಡಿ.

ತೊಂಬತ್ತನಾಲ್ಕು ವರ್ಷದ ನಂತರ

ದಾಖಲೆಯ ತಪ್ಪು ಎಲ್ಲ ಸಲವೂ ಕಾರಕೂನನ ಕೈತಪ್ಪಾಗಿರುವುದಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ಹೆನ್ರಿ ಫ್ಲಿಪ್ಪರ್ ಎಂಬ ಕಪ್ಪು ಯುವಕ 1877ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ ತೇರ್ಗಡೆಯಾದ, ತನ್ನ ಜನಾಂಗದಲ್ಲಿ ಮೊದಲಿಗನಾಗಿ. 1881ರಲ್ಲಿ ಟೆಕ್ಸಾಸಿನ ಕೋಟೆಯೊಂದರಲ್ಲಿ ಅವನ ಮೇಲೆ ಹಣ ನುಂಗಿದ ಆರೋಪ ಬಂತು. ಸೇನಾ ನ್ಯಾಯಾಲಯ ಆ ಆರೋಪದಿಂದ ಅವನನ್ನು ಬಿಟ್ಟಿತು. ಆದರೆ ಅಧಿಕಾರಿಗೆ ತಕ್ಕುದಲ್ಲದ ನಡತೆ ಎಂಬ ಇನ್ನೊಂದು ಆರೋಪದ ಮೇಲೆ 1882ರಲ್ಲಿ ಸೇವೆಯಿಂದ ವಜಾ ಮಾಡಲಾಯಿತು. ಆತ ಜೀವನವಿಡೀ ತನ್ನ ಹೆಸರು ತಿದ್ದಿಸಲು ಹೆಣಗಿ, 1940ರಲ್ಲಿ ಹಾಗೆಯೇ ತೀರಿಕೊಂಡ.

1946ರಲ್ಲಿ ಅಮೆರಿಕ ಒಂದು ಕಾನೂನು ತಂದು ಸೇನಾ ದಾಖಲೆ ತಿದ್ದುವ ಮಂಡಳಿಗಳಿಗೆ ದಾರಿ ಮಾಡಿತು. ಅದಕ್ಕೆ ಮುಂಚೆ ಒಬ್ಬ ಸೈನಿಕನ ದಾಖಲೆ ತಿದ್ದಬೇಕಾದರೆ ಸಂಸತ್ತೇ ಅವನಿಗಾಗಿ ಮಸೂದೆ ಅಂಗೀಕರಿಸಬೇಕಾಗುತ್ತಿತ್ತು. ಈ ಮಂಡಳಿಗಳಲ್ಲಿ ಕೂರುವವರು ಸಮವಸ್ತ್ರದವರಲ್ಲ, ನಾಗರಿಕರು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಕೊಡಬೇಕು. ಆದರೆ ನ್ಯಾಯದ ದೃಷ್ಟಿಯಿಂದ ಸರಿಯೆನಿಸಿದರೆ ಮಂಡಳಿ ತಡವನ್ನು ಮನ್ನಿಸಬಹುದು. ಜಾರ್ಜಿಯಾದ ಶಾಲಾ ಶಿಕ್ಷಕರೊಬ್ಬರು ಫ್ಲಿಪ್ಪರನ ಪರವಾಗಿ ಹಿಡಿದ ಹಟದಿಂದ 1976ರಲ್ಲಿ ಮಂಡಳಿ ಅವನ ವಜಾವನ್ನು ಗೌರವಯುತ ಬಿಡುಗಡೆಯೆಂದು ಬದಲಿಸಿತು. 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮಾದಾನವನ್ನೂ ಕೊಟ್ಟರು. ದಾಖಲೆ ತಿದ್ದುವುದಕ್ಕೆ ತೊಂಬತ್ತನಾಲ್ಕು ವರ್ಷ ಹಿಡಿಯಿತು. ಆ ಹೊತ್ತಿಗೆ ಅದನ್ನು ಓದಬೇಕಾದವನು ಇರಲಿಲ್ಲ.

ನಮ್ಮ ದೇಶದಲ್ಲಿ ಇಂಥ ಪ್ರತ್ಯೇಕ ಮಂಡಳಿ ಇಲ್ಲ. ತಿದ್ದುಪಡಿಯ ಅರ್ಜಿ ಹೋಗುವುದು ರೆಕಾರ್ಡ್ ಆಫೀಸಿಗೇ. ಅಲ್ಲಿ ನ್ಯಾಯ ಸಿಗದಿದ್ದರೆ 2007ರ ಕಾಯಿದೆಯಂತೆ ರಚನೆಯಾಗಿ 2009ರಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. ಆದರೆ ತಡದ ಬೆಲೆ ಇಲ್ಲಿಯೂ ಇದೆ. 1983ರಲ್ಲಿ ಸೇನೆಯಿಂದ ಹೊರಬಂದ ತರ್ಸೇಮ್ ಸಿಂಗ್ ಎಂಬವರು ಅಂಗವೈಕಲ್ಯ ಪಿಂಚಣಿಗಾಗಿ ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ನಿರಾಕರಿಸುವುದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ, ಆದ್ದರಿಂದ ತಡವಾಯಿತೆಂದು ಅರ್ಜಿಯನ್ನೇ ತಳ್ಳಿಹಾಕುವಂತಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಹಿಂಬಾಕಿಯನ್ನು ಸುಮಾರು ಮೂರು ವರ್ಷಕ್ಕೆ ಸೀಮಿತಗೊಳಿಸಿತು. ಅಂದರೆ ಹಕ್ಕು ಸಾಯುವುದಿಲ್ಲ, ಕಳೆದ ವರ್ಷಗಳ ಹಣ ಮಾತ್ರ ಕಳೆದುಹೋಗುತ್ತದೆ.

ತಿದ್ದಿಸುವ ದಾರಿ

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಡಿಸ್ಚಾರ್ಜ್ ಬುಕ್, ಪಿ.ಪಿ.ಓ. ಮತ್ತು ಆಧಾರ್ ಕಾರ್ಡು, ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ನಿಮ್ಮ ಹೆಸರು, ಹೆಂಡತಿಯ ಹೆಸರು, ಹುಟ್ಟಿದ ತಾರೀಖುಗಳು, ಮಕ್ಕಳ ಹೆಸರು, ಎಲ್ಲವನ್ನೂ. ಹಳೆಯ ಪಿ.ಪಿ.ಓ.ಗಳಲ್ಲಿ ಹೆಂಡತಿಯ ಹೆಸರೇ ಇಲ್ಲದಿರುವುದೂ ಉಂಟು. ಪಿಂಚಣಿಯ ಲೆಕ್ಕವೆಲ್ಲ ಈಗ 'ಸ್ಪರ್ಶ್' ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೋಗಿದೆ. ಅಲ್ಲಿ ನಿಮ್ಮ ವಿವರ ಹೇಗೆ ನಮೂದಾಗಿದೆಯೆಂದು ಮಕ್ಕಳಿಂದ ನೋಡಿಸಿ. ಹಿಂದೆ ಬ್ಯಾಂಕಿನ ಪರಿಚಯದ ಕಾರಕೂನ ಕಣ್ಣುಮುಚ್ಚಿ ಬಿಟ್ಟ ಒಂದಕ್ಷರದ ವ್ಯತ್ಯಾಸವನ್ನು ಕಂಪ್ಯೂಟರ್ ಬಿಡುವುದಿಲ್ಲ.

ತಪ್ಪು ಕಂಡರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಅವರ ಮೂಲಕ ರೆಕಾರ್ಡ್ ಆಫೀಸಿಗೆ ಅರ್ಜಿ ಹೋಗಲಿ. ಹೆಸರಿನ ತಿದ್ದುಪಡಿಗೆ ಸಾಮಾನ್ಯವಾಗಿ ಅಫಿಡವಿಟ್ಟು, ಸರಿಯಾದ ಹೆಸರಿರುವ ದಾಖಲೆಗಳ ನಕಲು ಮತ್ತು ಪತ್ರಿಕಾ ಪ್ರಕಟಣೆ ಕೇಳುತ್ತಾರೆ. ಪ್ರಕಟಣೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಇನ್ನೊಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಬರಬೇಕೆನ್ನುವುದು ವಾಡಿಕೆ. ಅಚ್ಚಾದ ಮೇಲೆ ನಂಬರು ಸರಿ ಇದೆಯೇ ಎಂದು ನೀವೂ ಒಮ್ಮೆ ನೋಡಿ. ಏಕೆ ಹೇಳುತ್ತಿದ್ದೇನೆಂದು ನಿಮಗೆ ಗೊತ್ತು. ರೆಕಾರ್ಡ್ ಆಫೀಸು ಒಪ್ಪಿದರೆ ತಿದ್ದಿದ ನಮೂದಿನ ಆಧಾರದ ಮೇಲೆ ಪಿ.ಪಿ.ಓ.ಗೆ ತಿದ್ದುಪಡಿ ಆದೇಶ ಹೊರಡುತ್ತದೆ. ಅದನ್ನು 'ಕಾರಿಜೆಂಡಮ್ ಪಿ.ಪಿ.ಓ.' ಎನ್ನುತ್ತಾರೆ. ಅದು ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ. ಮೂಲ ಪತ್ರ ಯಾರಿಗೂ ಕೊಡಬೇಡಿ, ನಕಲನ್ನೇ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಇದನ್ನು ಸೈನಿಕ ಬದುಕಿರುವಾಗಲೇ ಮಾಡಿಸಬೇಕು. ಅದಕ್ಕೆ ನನ್ನ ಮನೆಯ ಕತೆಯೇ ಸಾಕ್ಷಿ.

ನಮ್ಮಜ್ಜ 17 ವರ್ಷ ಸೇನೆಯಲ್ಲಿದ್ದವರು. ಅವರ ಕಂಪನಿಯಲ್ಲಿ ಮರಾಠಿ ಮಾತನಾಡುವವರೇ ಹೆಚ್ಚು. ಮದುವೆಯ ನಮೂದು ಮಾಡಿಸುವಾಗ ಅಜ್ಜಿಯ ಹೆಸರಿನ ಕೊನೆಯ 'ಅವ್ವ' ಹೋಗಿ 'ಬಾಯಿ' ಬಂತು. ಅಜ್ಜನಿಗೆ ಅದು ಗೊತ್ತಿತ್ತು. ಡಿಸ್ಚಾರ್ಜ್ ಬುಕ್ ತೆರೆದಾಗಲೆಲ್ಲ "ನೋಡು, ಸರಕಾರ ನಿನಗ ಬಾಯಿ ಅಂತ ಮರ್ಯಾದಿ ಕೊಟ್ಟೈತಿ" ಎಂದು ಅಜ್ಜಿಯನ್ನು ನಗಿಸುತ್ತಿದ್ದರು. ಒಂದು ಅರ್ಜಿ, ಒಂದು ಸಹಿ ಸಾಕಾಗಿತ್ತು. ಅವರು ಹಾಕಲಿಲ್ಲ.

ಅಜ್ಜ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದೆವು. ದಾಖಲೆಯಲ್ಲಿರುವ ಹೆಂಗಸು ಬೇರೆ, ಅರ್ಜಿದಾರಳು ಬೇರೆ ಎಂದು ಕಾಗದ ಬಂತು. ಅಜ್ಜಿ ಅದನ್ನು ನನ್ನಿಂದ ಎರಡು ಸಲ ಓದಿಸಿದರು. "ಐವತ್ತು ವರ್ಷ ಬಾಳೇ ಮಾಡೇನಿ. ಈಗ ನಾ ಅವರ ಹೇಣ್ತಿ ಹೌದೋ ಅಲ್ಲೋ ಅಂತ ಕಾಗದ ಕೇಳ್ತಾರಲ್ಲೋ ತಮ್ಮಾ" ಎಂದರು. ಅವರಿಗೆ ಸಂಕಟವಾದದ್ದು ಹಣಕ್ಕಲ್ಲ. ಅಜ್ಜನಿಗೆ ಊರೂರು ತಿರುಗುವ ನೌಕರಿ, ಎಲ್ಲೋ ಇನ್ನೊಬ್ಬಳಿದ್ದಳೇನೋ ಎಂದು ಓಣಿಯಲ್ಲಿ ಯಾರೋ ನಗೆಯಾಡಿದ ಮಾತು ಅವರ ಕಿವಿಗೆ ಬಿದ್ದಿತ್ತು. ಹದಿನಾಲ್ಕು ತಿಂಗಳು ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿ ದಿನ ತಳ್ಳಿದೆವು.

ಕೊನೆಗೊಂದು ದಿನ ತಿದ್ದಿದ ಆದೇಶ ಬಂತು. ಅದರಲ್ಲಿ ಇದ್ದದ್ದು ಇಂಥದರ ಬದಲು ಇಂಥದು ಎಂದು ಓದಿಕೊಳ್ಳುವುದು ಎಂಬ ಒಂದೇ ಸಾಲು. ಅಜ್ಜಿಗೆ ಓದು ಬಾರದು. ಹೆಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ಅಲ್ಲಿ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಆ ಕಾಗದವನ್ನು ತೆಗೆದುಕೊಂಡು ಹೋಗಿ ಓಣಿಯ ನಾಲ್ಕು ಮನೆಗೆ ತೋರಿಸಿ ಬಂದರು.

ಹಿರಿಯರೆ, ಇಂದು ಮನೆಗೆ ಹೋದ ಮೇಲೆ ಟ್ರಂಕು ತೆರೆದು ಆ ಮೂರು ಕಾಗದ ಹೊರಗೆ ತೆಗೆಯಿರಿ. ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಹೆಸರನ್ನು ಗಟ್ಟಿಯಾಗಿ ಓದಿ. ಅವರು ಹೌದೆಂದರೆ ಸರಿ. ಅಲ್ಲವೆಂದರೆ ನಾಳೆಯೇ ಅರ್ಜಿ ಬರೆಯಿರಿ.